ಹಾಕಿ ಪ್ಲೇಯರ್‌ನ ‘ಲೋನ್’ ಕೊಟ್ರು ಅಂದ್ರ ಏನು, ಆ ಸುದ್ದಿ ಎಷ್ಟು ನಂಬಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯಾಗ ಒಂದು ಪತ್ರಿಕೆ ಡೆಸ್ಕ್‌ನಾಗ ಆರು ವರ್ಷ ಸ್ಪೋರ್ಟ್ಸ್ ಪೇಜ್ ಮಾಡೀನಿ, ಈಗ ಗಂಗಾವತಿಯಾಗ ಇದೀನಿ. ನಮ್ಮ ಕಡೆ ಹಾಸ್ಟೆಲ್ ಹುಡುಗರು, ಅವರ ಪಿಟಿ ಮಾಸ್ತರು, ಒಂದೊಂದ್ಸಲ ಅವರ ಅಪ್ಪಂದಿರು ಸೈತ ಫೋನ್ ಮಾಡಿ ಇದನ್ನೇ ಕೇಳ್ತಾರ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಹೇಳೋ ಬದ್ಲು ಒಂದ್ ಕಡೆ ಬರದಿಟ್ಟೀನಿ.

ಲೋನ್ ಅಂದ್ರ ಸಾಲನಾ? ಪ್ಲೇಯರ್‌ನ ಸಾಲಕ್ಕ ಕೊಡ್ತಾರಾ?

ಸಾಲ ಅನ್ನೋ ಪದಾನೇ ಇಲ್ಲಿ ದಾರಿ ತಪ್ಪಿಸ್ತೈತಿ. ಸಾಲ ಅಂದ ಕೂಡ್ಲೇ ನಮ್ಮ ತಲ್ಯಾಗ ಸೊಸೈಟಿ, ಬಡ್ಡಿ, ನೋಟಿಸ್ ಬರ್ತಾವ. ಇದು ಅದಲ್ರಿ, ಇದು ನಿಯೋಜನೆ. ಕುಷ್ಟಗಿ ಶಾಲಿ ಮಾಸ್ತರನ್ನ ಗಂಗಾವತಿ ಬಿಇಒ ಆಫೀಸಿಗೆ ನಿಯೋಜನೆ ಮ್ಯಾಲ ಹಾಕ್ತಾರಲ್ಲ, ಕೆಲಸ ಇಲ್ಲಿ ಮಾಡ್ತಾರ, ಹಾಜರಿ ಇಲ್ಲಿ, ಆದ್ರ ಅವರ ಹುದ್ದೆ ಕುಷ್ಟಗಿಯಾಗೇ ಇರ್ತೈತಿ, ಸೀನಿಯಾರಿಟಿ ಅಲ್ಲೇ ಇರ್ತೈತಿ, ಆರ್ಡರ್ ರದ್ದಾದ ದಿನ ವಾಪಸ್ ಹೋಗಬೇಕು. ಲೋನ್ ಪ್ಲೇಯರ್ ಕಥಿನೂ ಹಂಗೇ. ಕಾಂಟ್ರ್ಯಾಕ್ಟ್ ಮೂಲ ಕ್ಲಬ್ಬಿನ ಹತ್ರ, ಆಡೋದು ಮತ್ತೊಂದು ಕ್ಲಬ್ಬಿಗೆ, ಅವಧಿ ಮುಗಿದ್ರ ಇಲ್ಲಾ ವಾಪಸ್ ಕರದ್ರ ಬರಬೇಕು. ಮಾರಿದ್ರು ಅಂದ್ರ ಬ್ಯಾರೆ, ಬಿಟ್ರು ಅಂದ್ರ ಬ್ಯಾರೆ, ಲೋನ್ ಅಂದ್ರ ಬ್ಯಾರೆ. ಈ ಮೂರನ್ನ ಕಲಸಿಬಿಟ್ರ ಒಬ್ಬ ಹುಡುಗನ ಹೆಸರು ಊರಾಗ ಕೆಡ್ತೈತಿ, ಅದನ್ನ ಕಣ್ಣಾರೆ ನೋಡೀನಿ, ಮುಂದ ಹೇಳ್ತೀನಿ.

ಇದು ಯಾವ ಹಾಕಿ? ನಮ್ಮ ಹಾಕಿನಾ, ಐಸ್ ಹಾಕಿನಾ?

ಇದನ್ನ ಮೊದ್ಲು ನೋಡ್ಕೊಳ್ರಿ. ಕೆನಡಾ, ಅಮೆರಿಕದ ಸುದ್ದಿಯಾಗ ಬರೇ ‘ಹಾಕಿ’ ಅಂತ ಇದ್ರ ಅದು ಐಸ್ ಹಾಕಿ. ದಿನಾ ಲೋನ್ ನಡೆಯೋದು ಅಲ್ಲಿ. ನಮ್ಮ ಟರ್ಫ್ ಹಾಕಿಯಾಗ ಆ ಥರದ ಲೋನ್ ಕಡಿಮಿ, ಇಲ್ಲಿ ಎನ್‌ಒಸಿ (ಹೋಗಿ ಆಡಾಕ ನಮ್ಮ ಅಡ್ಡಿ ಇಲ್ಲ ಅನ್ನೋ ಪತ್ರ), ಹರಾಜು, ಗೆಸ್ಟ್ ಪ್ಲೇಯರ್ (ಒಂದು ಟೂರ್ನಿ ಮಟ್ಟಿಗೆ ಹೊರಗಿಂದ ಕರ್ಕೊಂಡ ಆಟಗಾರ) ಅಂತ ಬ್ಯಾರೆ ದಾರಿ ಅದಾವ.

ಐಸ್ ಹಾಕಿಯಾಗ ಒಂದು ಲೀಗ್‌ನಿಂದ ಇನ್ನೊಂದಕ್ಕ ಹೆಂಗ ಕಳಿಸ್ತಾರ?

ಅಮೆರಿಕ, ಕೆನಡಾದ ಮ್ಯಾಲಿನ ಲೀಗ್ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್), 1917ರಾಗ ಶುರುವಾಗಿದ್ದು. ಅದರ ಕೆಳಗ ಎಎಚ್‌ಎಲ್ (ಅಮೆರಿಕನ್ ಹಾಕಿ ಲೀಗ್), 1936ರಿಂದ ಐತಿ. ಈಗ ಎರಡರಾಗೂ 32, 32 ತಂಡ, ಮ್ಯಾಲಿನ ಒಂದೊಂದು ತಂಡಕ್ಕೂ ಕೆಳಗ ಒಂದು ಜೋಡಿ ತಂಡ ಅಂತ ತಿಳ್ಕೊಳ್ರಿ. ಎಎಚ್‌ಎಲ್ ಕೆಳಗ ಮತ್ತೆ ಇಸಿಎಚ್‌ಎಲ್ ಅಂತ ಇನ್ನೊಂದು ಐತಿ. ಮ್ಯಾಲಿನ ತಂಡದಾಗ ಸಾಮಾನ್ಯವಾಗಿ 23 ಮಂದಿಗೆ ಮಾತ್ರ ಜಾಗ, ಹಂಗಾಗಿ ಎಳೆ ಹುಡುಗರನ್ನ ಬೆಂಚ್ ಮ್ಯಾಲ ಕೂಡಿಸಿ ಕೆಡಿಸೋ ಬದ್ಲು ಕೆಳಗ ಕಳಿಸಿ ಆಡಿಸ್ತಾರ.

ಆದ್ರ ಅನುಭವ ಇರೋ ಪ್ಲೇಯರ್‌ನ ಸುಮ್ನ ಕಳ್ಸಾಕ ಬರಂಗಿಲ್ಲ. ಮೊದ್ಲು ‘ವೇವರ್ಸ್’ ಮ್ಯಾಲ ಹಾಕಬೇಕು, ಅಂದ್ರ 24 ತಾಸು ಉಳಿದ ಎಲ್ಲಾ ತಂಡಗಳಿಗೂ ‘ಈ ಹುಡುಗ ನಿಮಗ ಬೇಕೇನು’ ಅಂತ ಕೇಳಿದಂಗ. ಯಾರರ ಬೇಕು ಅಂದ್ರ ಕಾಂಟ್ರ್ಯಾಕ್ಟ್ ಸಮೇತ ಅವನು ಅವರ ಪಾಲಿಗೆ ಹೋದ. ಯಾರೂ ಕೇಳ್ಲಿಲ್ಲ ಅಂದ್ರ ‘ಕ್ಲಿಯರ್’ ಆದ, ಆಮ್ಯಾಲ ಎಎಚ್‌ಎಲ್‌ಗೆ ಕಳಿಸ್ಬೋದು. ವಯಸ್ಸು ಸಣ್ಣದಿದ್ದು ಮ್ಯಾಚ್ ಕಡಿಮಿ ಆಡಿದ ಹುಡುಗರಿಗೆ ಈ ಹಂತದಿಂದ ವಿನಾಯ್ತಿ ಐತಿ. ‘ವೇವರ್ಸ್ ಮ್ಯಾಲ ಹಾಕಿದ್ರು’ ಅನ್ನೋದನ್ನ ‘ತಂಡದಿಂದ ಕಿತ್ತು ಹಾಕಿದ್ರು’ ಅಂತ ಬರದಿದ್ದನ್ನ ಎಷ್ಟೋ ಸಲ ಓದೀನಿ, ಅದು ತಪ್ಪು, ಆ 24 ತಾಸಿನಾಗ ಏನಾಗ್ತೈತಿ ಅನ್ನೋದು ಬರೆಯೋನಿಗೂ ಗೊತ್ತಿರಂಗಿಲ್ಲ.

ಇನ್ನೊಂದು ‘ಕಂಡೀಶನಿಂಗ್ ಲೋನ್’ ಅಂತ ಐತಿ. ಪೆಟ್ಟಾಗಿ ಬಂದವನಿಗೆ, ಭಾಳ ದಿನ ಮ್ಯಾಚ್ ಸಿಗದವನಿಗೆ ಕಾಲು ಪಳಗಲಿ ಅಂತ 14 ದಿನದ ಮಟ್ಟಿಗೆ ಕೆಳಗ ಕಳಿಸ್ತಾರ. ಇದು ಶಿಕ್ಷೆ ಅಲ್ಲ. ಈ ಸುದ್ದಿಗೆ ‘ಸ್ಟಾರ್ ಆಟಗಾರನಿಗೆ ಹಿಂಬಡ್ತಿ’ ಅಂತ ಹೆಡ್ಡಿಂಗ್ ಕೊಟ್ರ ಓದೋನಿಗೆ ಮೋಸ ಮಾಡಿದಂಗ.

ಅಸೈನ್, ರೀಕಾಲ್, ಲೋನ್ ಅಂತ ಎಲ್ಲಾ ಬರೀತಾರ, ಎಲ್ಲಾ ಒಂದೇನಾ?

ಲೋನ್, ಅಸೈನ್ ಹೆಚ್ಚು ಕಡಿಮಿ ಒಂದೇ, ರೀಕಾಲ್ ಅದಕ್ಕ ಉಲ್ಟಾ. ಅಸೈನ್ ಅಂದ್ರ ಕೆಳಗ ಕಳಿಸಿದ್ರು, ರೀಕಾಲ್ ಅಂದ್ರ ಮ್ಯಾಲ ಕರ್ಕೊಂಡ್ರು. ಒಬ್ಬನೇ ಹುಡುಗ ಒಂದೇ ವಾರದಾಗ ಎರಡು ಸಲ ಹತ್ತಿ ಇಳಿದಿದ್ದೂ ಉಂಟು. ‘ಟೂ ವೇ ಕಾಂಟ್ರ್ಯಾಕ್ಟ್’ ಇದ್ರ ಮ್ಯಾಲ ಆಡಿದ ದಿನಕ್ಕ ಒಂದು ಸಂಬಳ, ಕೆಳಗ ಆಡಿದ ದಿನಕ್ಕ ಮತ್ತೊಂದು.

ಬ್ಯಾರೆ ದೇಶದ ಲೀಗ್‌ಗೂ ಲೋನ್ ಕೊಡ್ತಾರಾ?

ಕೊಡ್ತಾರ. ಚೊಲೋ ಉದಾಹರಣೆ ಅಂದ್ರ 2020. ಕೊರೊನಾದಿಂದ ಆ ವರ್ಷದ ಫೈನಲ್ ಮುಗಿದದ್ದೇ ಸೆಪ್ಟೆಂಬರ್ 28ಕ್ಕ. ಪ್ರತಿ ವರ್ಷ ಅಕ್ಟೋಬರ್‌ದಾಗ ಶುರುವಾಗೋ ಎನ್‌ಎಚ್‌ಎಲ್ ಸೀಸನ್ 2021ರ ಜನವರಿ 13ಕ್ಕ ಹೋಯ್ತು. ಅಲ್ಲೀತನ ಹುಡುಗರು ಏನ್ ಮಾಡಬೇಕು? ಯುರೋಪಿನ ಲೀಗ್‌ಗಳು ಅಷ್ಟರಾಗ ಶುರುವಾಗಿದ್ವು, ಹಂಗಾಗಿ ಫಿನ್ಲೆಂಡ್, ಸ್ವೀಡನ್, ಸ್ವಿಟ್ಜರ್ಲೆಂಡ್ ಕ್ಲಬ್ಬುಗಳಿಗೆ ಎಳೆ ಪ್ಲೇಯರ್‌ಗಳನ್ನ ಲೋನ್ ಮ್ಯಾಲ ಕಳಿಸಿದ್ರು, ಎನ್‌ಎಚ್‌ಎಲ್ ಕ್ಯಾಂಪ್ ಶುರುವಾಗೋ ಹೊತ್ತಿಗೆ ಭಾಳ ಮಂದಿನ ವಾಪಸ್ ಕರಸ್ಕೊಂಡ್ರು.

2012ರದು ಮಾತ್ರ ಬ್ಯಾರೆ ಕಥಿ, ಇವೆರಡನ್ನ ಕಲಸಬ್ಯಾಡ್ರಿ. ಆಗ ಮಾಲೀಕರಿಗೂ ಪ್ಲೇಯರ್‌ಗಳ ಯೂನಿಯನ್‌ಗೂ ಒಪ್ಪಂದ ಆಗದ ಲಾಕೌಟ್ ಆಯ್ತು, ಸೆಪ್ಟೆಂಬರ್‌ನಿಂದ ಜನವರಿ ತನ ಲೀಗ್ ಬಂದ್, ಕಡೀಗೆ ತಂಡಕ್ಕ 48 ಮ್ಯಾಚಿನ ಸೀಸನ್ ಅಷ್ಟೇ ನಡೀತು. ಆ ಹೊತ್ತಿನಾಗ ಎನ್‌ಎಚ್‌ಎಲ್‌ನ ವಾಷಿಂಗ್ಟನ್ ತಂಡದ ಪ್ಲೇಯರ್ ಅಲೆಕ್ಸ್ ಒವೆಚ್ಕಿನ್ ಮಾಸ್ಕೋದ ಡೈನಮೊ ತಂಡಕ್ಕ ಆಡಿದ. ಅದನ್ನ ‘ವಾಷಿಂಗ್ಟನ್ ತಂಡ ಅವನನ್ನ ಲೋನ್ ಕೊಡ್ತು’ ಅಂತ ಬರದ್ರ ತಪ್ಪು, ತಂಡ ಕಳಿಸಿದ್ದಲ್ಲ ಅದು, ಕೆಲಸದ ಬಾಗಿಲೇ ಹಾಕಿದ್ಮ್ಯಾಲ ಅವನು ತಾನಾಗೇ ಹೋಗಿ ಆಡಿದ್ದು.

ದೇಶ ದಾಟಬೇಕಂದ್ರ ಐಐಎಚ್‌ಎಫ್‌ನ ಟ್ರಾನ್ಸ್‌ಫರ್ ಕಾರ್ಡ್ ಬೇಕು. ಜ್ಯೂರಿಚ್‌ನಾಗ ಇರೋ ಐಸ್ ಹಾಕಿಯ ವಿಶ್ವ ಸಂಸ್ಥೆ ಅದು. ಬಿಡೋ ದೇಶದ ಫೆಡರೇಶನ್, ತಗೊಳ್ಳೋ ದೇಶದ ಫೆಡರೇಶನ್ ಎರಡೂ ಒಪ್ಪಬೇಕು. ನಮ್ಮಲ್ಲಿ ಶಾಲಿ ಬಿಡೋವಾಗ ಟಿಸಿ ಇದ್ದಂಗ, ಟಿಸಿ ಇಲ್ದ ಅಡ್ಮಿಷನ್ ಆಗಂಗಿಲ್ಲ. ನನ್ನ ಮಾತು ಇಷ್ಟೇ, ಲೋನ್ ಅಂದ್ರ ಅದಕ್ಕೊಂದು ಕಾಗದ ಇದ್ದೇ ಇರ್ತೈತಿ. ಕಾಗದ ಇದ್ದಲ್ಲಿ ಸುದ್ದಿನ ಚೆಕ್ ಮಾಡ್ಬೋದು.

‘ಕೆನಡಾಕ್ಕ ಲೋನ್ ಕೊಟ್ರು’ ಅಂತ ಓದಿದೆ, ದೇಶಕ್ಕ ದೇಶನೇ ಲೋನ್ ತಗೊಳ್ತದಾ?

ಅದು ದೇಶದ ತಂಡಕ್ಕ ಬಿಟ್ಟುಕೊಟ್ಟಿದ್ದು. ಪ್ರತಿ ವರ್ಷ ಡಿಸೆಂಬರ್ 26ರ ಸುಮಾರಿಗೆ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ಶುರುವಾಗ್ತೈತಿ, ಆವಾಗ ಎನ್‌ಎಚ್‌ಎಲ್ ತಂಡಗಳು ತಮ್ಮ ಹತ್ರ ಇರೋ ಎಳೆ ಹುಡುಗರನ್ನ ಕೆಲವು ವಾರ ಬಿಡ್ತಾವ, ಅದಕ್ಕೂ ಲೋನ್ ಅಂತಾನೇ ಅಂತಾರ. ಟೂರ್ನಿ ಮುಗೀತು, ವಾಪಸ್.

ಸಂಬಳ ಯಾರು ಕೊಡ್ತಾರ? ಅಲ್ಲಿ ಕಾಲು ಮುರಕೊಂಡ್ರ ಯಾರು ನೋಡ್ಕೋಬೇಕು?

ಒಪ್ಪಂದದಾಗ ಬರದಂಗ. ಕೆಲವು ಕಡೆ ಮೂಲ ಕ್ಲಬ್ ಪೂರ್ತಿ ಕೊಡ್ತೈತಿ, ಕೆಲವು ಕಡೆ ತಗೊಂಡ ಕ್ಲಬ್, ಕೆಲವು ಕಡೆ ಪಾಲು. ನಮ್ಮಲ್ಲಿ ಹಿಂದ ಎತ್ತು ಎರವಲು ಕೊಡೋವಾಗ ಮೇವು ಯಾರ್ದು, ಕಾಲಿಗೆ ಪೆಟ್ಟಾದ್ರ ಯಾರು ನೋಡಬೇಕು ಅಂತ ಮೊದ್ಲೇ ಮಾತಾಡ್ತಿದ್ರಲ್ಲ, ಹಂಗ. ಎತ್ತಿಗೇ ಅಷ್ಟು ಮಾತಾಡ್ತಿದ್ವಿ, ಮನುಷಗ ಬಾಯಿ ಮಾತು ಸಾಲಂಗಿಲ್ಲ. ನಮ್ಮ ಹುಡುಗರಿಗೆ ನಾನು ಕಾಳಜಿಯಿಂದ ಹೇಳೋದು, ಎಲ್ಲೇ ಗೆಸ್ಟ್ ಪ್ಲೇಯರ್ ಆಗಿ ಹೋದ್ರೂ ಪೆಟ್ಟಾದ್ರ ಆಸ್ಪತ್ರಿ ಖರ್ಚು ಯಾರ್ದು ಅಂತ ಬರವಣಿಗಿಯಾಗ ತಗೋರಿ, ವಾಟ್ಸಾಪ್ ಮೆಸೇಜ್ ಆದ್ರೂ ಆಗ್ಲಿ.

ಹಾಕಿ ಇಂಡಿಯಾ ಲೀಗ್‌ಗೆ ಬರೋ ಡಚ್ಚರು, ಬೆಲ್ಜಿಯಂನವರು ಲೋನ್ ಮ್ಯಾಲ ಬರ್ತಾರಾ?

ಅಲ್ಲ. ಅವರು ಹರಾಜಿನಾಗ ಬರ್ತಾರ, ಸಪರೇಟ್ ಕಾಂಟ್ರ್ಯಾಕ್ಟ್. ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿಯಾಗ ಚಳಿಗಾಲಕ್ಕ ಬಯಲಿನಾಗ ಆಡೋ ಲೀಗ್ ನಿಲ್ಲಿಸಿಬಿಡ್ತಾರ, ಆ ಬಿಡುವಿನಾಗ ಅವರು ಇಲ್ಲಿ ಬಂದು ಆಡ್ತಾರ, ಆಮ್ಯಾಲ ತಮ್ಮ ಕ್ಲಬ್ಬಿಗೆ ಹೋಗ್ತಾರ. ನಮ್ಮ ಧನರಾಜ್ ಪಿಳ್ಳೈ ಮಲೇಷ್ಯಾ ಲೀಗ್‌ನಾಗ ಆಡಿದ್ದೂ ಹಿಂಗೇ ಸಪರೇಟ್ ಮಾತಿನ ಮ್ಯಾಲ. ಆದ್ರ ತಮ್ಮ ದೇಶದ ಸಂಸ್ಥೆಯಿಂದ ಎನ್‌ಒಸಿ ಬೇಕೇ ಬೇಕು.

ನಮ್ಮ ಲೀಗ್ 2013ರಿಂದ 2017ರ ತನ ನಡೀತು, ಆಮ್ಯಾಲ ನಿಂತು 2024ರ ಡಿಸೆಂಬರ್‌ದಾಗ ಮತ್ತೆ ಶುರುವಾಯ್ತು. ಗಂಡಸರದು 8 ತಂಡ, ಹೆಣ್ಮಕ್ಕಳದು ಮೊದಲ ಸಲ 4 ತಂಡ, ರೂರ್ಕೆಲಾ ಮತ್ತು ರಾಂಚಿಯಾಗ ಮ್ಯಾಚ್ ಆದ್ವು. ಆ ಸೀಸನ್‌ನಾಗ ಒಂದು ತಂಡಕ್ಕ 24 ಮಂದಿ, ಅದರಾಗ ಕನಿಷ್ಠ 16 ಭಾರತೀಯರು, ಆ 16ರಾಗ 4 ಜೂನಿಯರ್ ಇರಲೇಬೇಕಿತ್ತು, ಉಳಿದ 8 ವಿದೇಶದವರು. ಅಂಥಾ ಜೂನಿಯರ್ ಸೀಟ್ ಇದ್ರ, ಹಾಸ್ಟೆಲ್ ಹುಡುಗರು ಕಣ್ಣಿಡಬೇಕಾದ್ದು ಅಲ್ಲಿ.

ಈ ಲೀಗ್‌ನ ಸೂರ್ಮಾ ಟೀಮ್ ಜಿಂದಾಲ್‌ದಂತ, ಹಂಗಾದ್ರ ಅದು ಬಳ್ಳಾರಿ ಟೀಮಾ?

ತೋರಣಗಲ್ಲಿನ ಫ್ಯಾಕ್ಟರಿ ಜಿಂದಾಲ್‌ರ ಜೆಎಸ್‌ಡಬ್ಲ್ಯೂದು, ಸೂರ್ಮಾ ಹಾಕಿ ಕ್ಲಬ್ಬೂ ಜೆಎಸ್‌ಡಬ್ಲ್ಯೂ ಗುಂಪಿಂದೇ. ಆದ್ರ ತಂಡ ಪಂಜಾಬ್, ಹರಿಯಾಣದ ಹೆಸರಿನಾಗ ಆಡ್ತೈತಿ. ಸಂಡೂರು ತಾಲ್ಲೂಕಿನ ಅದಿರಿಗೂ ಆ ತಂಡಕ್ಕೂ ನಡುವ ಕಂಪನಿ ಹೆಸರು ಬಿಟ್ರ ಬ್ಯಾರೆ ನಂಟಿಲ್ಲ. ‘ಬಳ್ಳಾರಿ ತಂಡಕ್ಕ ಹಾಕಿ ಆಟಗಾರ ಹರ್ಮನ್‌ಪ್ರೀತ್ ಸಿಂಗ್’ ಅಂತ ಯಾರರ ಮೆಸೇಜ್ ಕಳಿಸಿದ್ರ ಫಾರ್ವರ್ಡ್ ಮಾಡಬ್ಯಾಡ್ರಿ. ನಮ್ಮ ಊರಿನ ಹೆಸರು ಹಾಕಿಯಾಗ ಬರ್ಲಿ ಅಂತ ನನಗೂ ಆಸೆ ಐತಿ, ಅದು ನಮ್ಮ ಹುಡುಗರು ಆಡಿದಾಗ ಬರ್ಲಿ.

ಹರ್ಮನ್‌ಪ್ರೀತ್‌ಗೆ 78 ಲಕ್ಷ, ಸರ್ದಾರ್ ಸಿಂಗ್‌ಗೂ 78 ಅಂತಾರ. ಯಾವುದು ಖರೆ?

ಎರಡೂ ಖರೆ, ಆದ್ರ ಒಂದೇ ಅಲ್ಲ. 2012ರ ಡಿಸೆಂಬರ್‌ದಾಗ ಆದ ಮೊದಲನೇ ಹರಾಜಿನಾಗ ಸರ್ದಾರ್ ಸಿಂಗ್‌ನ ಡೆಲ್ಲಿ ವೇವ್‌ರೈಡರ್ಸ್ ತಗೊಂಡಿದ್ದು 78 ಸಾವಿರ ಡಾಲರ್‌ಗೆ, ಆಗಿನ ರೇಟಿಗೆ ಸುಮಾರು 42 ಲಕ್ಷ ರೂಪಾಯಿ. 2024ರ ಅಕ್ಟೋಬರ್ ಹರಾಜಿನಾಗ ಹರ್ಮನ್‌ಪ್ರೀತ್ ಸಿಂಗ್‌ನ ಸೂರ್ಮಾ ತಗೊಂಡಿದ್ದು 78 ಲಕ್ಷ ರೂಪಾಯಿಗೆ, ಆ ಹರಾಜಿನಾಗ ಅದೇ ಹೆಚ್ಚು. ಡೆಸ್ಕ್‌ನಾಗ ಕುಂತೋರಿಗೆ ಇಂಥಾ ಅಂಕಿ ಭಾಳ ಅಪಾಯ, ಡಾಲರ್ ಹೋಗಿ ರೂಪಾಯಿ ಆಗ್ತೈತಿ, ಸಾವಿರ ಹೋಗಿ ಲಕ್ಷ ಆಗ್ತೈತಿ, ರಾತ್ರಿ ಹನ್ನೆರಡಕ್ಕ ಪೇಜ್ ಹೋಗ್ತೈತಿ, ಬೆಳಿಗ್ಗೆ ಅದೇ ಇತಿಹಾಸ ಆಗಿಬಿಡ್ತೈತಿ. ದುಡ್ಡಿನ ಸುದ್ದಿ ಓದೋವಾಗ ಮೂರು ನೋಡ್ರಿ: ಯಾವ ನಾಣ್ಯ, ಯಾವ ವರ್ಷ, ಇದು ಹರಾಜಿನ ಬೆಲೆನೋ ಇಲ್ಲಾ ಎಲ್ಲಾ ಸೇರಿಸಿದ ಮೊತ್ತನೋ.

ಸೈನ್ ಆಗೈತಿ ಅಂದ್ಮ್ಯಾಲ ಆಡೇ ಆಡ್ತಾನಲ್ಲ?

ಇಲ್ಲ. 2013ರ ಜನವರಿಯಾಗ ಹಾಕಿ ಇಂಡಿಯಾ ಲೀಗ್‌ಗೆ ಬಂದಿದ್ದ 9 ಪಾಕಿಸ್ತಾನಿ ಪ್ಲೇಯರ್‌ಗಳನ್ನ ಗಡಿಯಾಗ ಗಲಾಟೆ ಆದ್ಮ್ಯಾಲ ವಾಪಸ್ ಕಳಿಸಿದ್ರು. ಸೈನ್ ಆಗಿತ್ತು, ಬಂದೂ ಬಿಟ್ಟಿದ್ರು. ಅದಕ್ಕ ‘ಆಡಲಿದ್ದಾರೆ’ ಅಂತ ಬರೆಯೋದಕ್ಕಿಂತ ‘ಒಪ್ಪಂದ ಮಾಡಿಕೊಂಡಿದ್ದಾರೆ’ ಅಂತ ಬರೆಯೋದು ಪ್ರಾಮಾಣಿಕ.

ಯಾರೋ ದೊಡ್ಡ ಟೂರ್ನಿ ಅಂತ ಕರೆದ್ರು, ಹೋಗ್ಲಾ?

ಮಾನ್ಯತೆ ಐತೇನು ಕೇಳ್ರಿ. 2012ರಾಗ ವರ್ಲ್ಡ್ ಸೀರೀಸ್ ಹಾಕಿ ಅಂತ ಆಯ್ತು, ಕರ್ನಾಟಕ ಲಯನ್ಸ್ ಅಂತ ನಮ್ಮ ರಾಜ್ಯದ ತಂಡನೂ ಇತ್ತು, ಟಿವಿಯಾಗೂ ಬಂತು. ಆದ್ರ ಆಗ ಭಾರತದಾಗ ಹಾಕಿ ನಡೆಸೋರು ಯಾರು ಅನ್ನೋದಕ್ಕೇ ಎರಡು ಸಂಸ್ಥೆ ಜಗಳ ಆಡ್ತಿದ್ವು, ಹಾಕಿ ಇಂಡಿಯಾ ಕಡೆಯಿಂದ ಅದಕ್ಕ ಮಾನ್ಯತೆ ಇರಲಿಲ್ಲ. ಮಾನ್ಯತೆ ಇಲ್ಲದ ಟೂರ್ನಿ ಆಡಿದವರ ಮ್ಯಾಲ ಕ್ರಮ ತಗೊಳ್ಳಾಕ ಟರ್ಫ್ ಹಾಕಿಯ ವಿಶ್ವ ಸಂಸ್ಥೆ ಎಫ್‌ಐಎಚ್ ನಿಯಮದಾಗ ದಾರಿ ಐತಿ. ಆಡಿದ ಹುಡುಗರದ್ದು ತಪ್ಪಲ್ಲ, ಆದ್ರ ಕುತ್ತು ಅವರ ಕುತ್ತಿಗಿಗೇ. ನೀವು ಇಲಾಖೆಯಾಗ ಇದ್ರ ಇಲಾಖೆಯಿಂದ, ಹಾಸ್ಟೆಲ್‌ನಾಗ ಇದ್ರ ಹಾಸ್ಟೆಲ್‌ನಿಂದ ಪರ್ಮಿಷನ್ ಲೆಟರ್ ತಗೊಂಡೇ ಬಸ್ ಹತ್ರಿ.

ಸುದ್ದಿ ನಂಬಬೇಕೋ ಬ್ಯಾಡೋ ಹೆಂಗ ತಿಳ್ಕೋಬೇಕು?

ಇದಕ್ಕ ನಾನು ಉದ್ದಕ್ಕ ಹೇಳಬೇಕು, ಯಾಕಂದ್ರ ಇದರಾಗ ನನ್ನ ಕೈಯಿಂದಾನೇ ಒಂದು ತಪ್ಪಾಗೈತಿ.

ಕನಕಗಿರಿ ಕಡೆ ಒಂದು ಹಳ್ಳಿ ಹುಡುಗ, ಹಾಸ್ಟೆಲ್‌ನಾಗ ಇದ್ದ, ಚೊಲೋ ಡಿಫೆಂಡರ್. ಒಂದು ಇಲಾಖೆ ತಂಡದವರು ಒಂದು ಟೂರ್ನಿ ಮಟ್ಟಿಗೆ ಅವನನ್ನ ಗೆಸ್ಟ್ ಪ್ಲೇಯರ್ ಆಗಿ ಕರ್ಕೊಂಡ್ರು. ಹಾಸ್ಟೆಲ್‌ನವರು ಲೆಟರ್ ಕೊಟ್ಟೇ ಕಳಿಸಿದ್ರು. ನಮ್ಮ ಆಫೀಸಿಗೆ ಸುದ್ದಿ ಬಂದಿದ್ದು ಫೋನ್‌ನಾಗ, ರಾತ್ರಿ ಹನ್ನೊಂದೂವರೆಗೆ, ನಾಲ್ಕು ಸಾಲು. ನಾನು ಹೆಡ್ಡಿಂಗ್ ಹಾಕಿದ್ದು ‘ಹಾಸ್ಟೆಲ್ ತಂಡ ಬಿಟ್ಟ ಆಟಗಾರ’ ಅಂತ. ಒಂದು ಕಾಲಂ ಅಗಲದಾಗ ‘ಗೆಸ್ಟ್ ಪ್ಲೇಯರ್ ಆಗಿ ಒಂದು ಟೂರ್ನಿಗೆ’ ಅಂತ ಕೂಡ್ತಿರಲಿಲ್ಲ, ‘ಬಿಟ್ಟ’ ಅಂತ ಕೂಡ್ತು.

ಮೂರನೇ ದಿನ ಅವರ ಅಪ್ಪ ಬಂದ್ರು. ಅಂಗಿ ಕಿಸೆಯಿಂದ ಆ ತುಂಡು ತೆಗೆದ್ರು, ಬ್ಲೇಡಿನಾಗ ನೀಟಾಗಿ ಕೊಯ್ದಿದ್ರು, ನಾಕು ಮಡಿಕಿ ಮಾಡಿದ್ರು, ಒಂದು ಮಡಿಕಿ ಸರಿಯಾಗಿ ‘ಬಿಟ್ಟ’ ಅನ್ನೋ ಅಕ್ಷರದ ಮ್ಯಾಲೇ ಬಿದ್ದು ಅಲ್ಲಿ ಶಾಯಿ ಅಳಿಸಿ ಹೋಗಿತ್ತು. ‘ನನ್ನ ಮಗ ಏನ್ ತಪ್ಪು ಮಾಡ್ಯಾನ್ರಿ ಸರ, ಊರಾಗ ಹಾಸ್ಟೆಲ್‌ನಿಂದ ಹೊರಗ ಹಾಕ್ಯಾರ ಅಂತ ಮಾತಾಡಾಕತ್ತಾರ’ ಅಂದ್ರು. ಅವರು ಸಿಟ್ಟು ಮಾಡಲಿಲ್ಲ. ನಾನು ಅವರಿಗೆ ಕುಂದ್ರಾಕ ಕುರ್ಚಿ ಕೊಟ್ಟೆ, ಅದಕ್ಕಿಂತ ಜಾಸ್ತಿ ಏನೂ ಮಾಡಾಕ ನನಗ ತೋಚಲಿಲ್ಲ. ತಿದ್ದುಪಡಿ ಹಾಕಿಸಿದ್ವಿ, ಎರಡು ದಿನ ಬಿಟ್ಟು, ಒಳಪುಟದಾಗ, ಎರಡು ಸಾಲು. ತಪ್ಪು ಹೆಡ್ಡಿಂಗ್ ಓದಿದವರಾಗ ಎಷ್ಟು ಮಂದಿ ಅದನ್ನ ಓದಿರ್ತಾರ?

ಅವತ್ತಿನಿಂದ ನಾನು ಸುದ್ದಿಯಾಗ ಮೊದ್ಲು ಹುಡುಕೋದು ಕ್ರಿಯಾಪದನ. ‘ಕ್ಲಬ್ ಪ್ರಕಟಿಸಿದೆ’ ಅಂತ ಇದ್ರ ಕ್ಲಬ್ಬಿನ ಸ್ವಂತ ಪೇಜಿನಾಗ ಹೋಗಿ ನೋಡ್ರಿ, ಇದ್ದೇ ಇರ್ತೈತಿ. ‘ಒಪ್ಪಂದ ಆಗಿದೆ’ ಅಂತ ಇದ್ದು ಹೇಳಿದವರ ಹೆಸರಿಲ್ಲ ಅಂದ್ರ ಒಂದು ದಿನ ತಡೀರಿ. ‘ಮಾತುಕತೆ ನಡೆದಿದೆ’ ಅಂದ್ರ ಏನೂ ಆಗಿಲ್ಲ ಅಂತ ಅರ್ಥ, ಮಾತುಕತೆ ಎಲ್ಲಾರ ನಡುವನೂ ನಡೀತಾವ. ‘ಮೂಲಗಳ ಪ್ರಕಾರ’ ಅಂತ ಇದ್ರ ಆ ಮೂಲಕ್ಕ ಇದರಿಂದ ಏನು ಲಾಭ ಅಂತ ಯೋಚ್ನೆ ಮಾಡ್ರಿ, ಭಾಳ ಸಲ ಅದು ಏಜೆಂಟ್ ಇರ್ತಾನ, ‘ಇನ್ನೂ ಮೂರು ಕ್ಲಬ್ ಕೇಳಾಕತ್ತಾವ’ ಅಂತ ಸುದ್ದಿ ಬಂದ್ರ ಅವನ ಹುಡುಗನ ರೇಟ್ ಏರ್ತೈತಿ. ಮೂಲದ ಹೆಸರು ಹೇಳದ ಬರೆಯೋದೆಲ್ಲಾ ಸುಳ್ಳಲ್ಲ, ವರ್ಷಗಟ್ಟಲೆ ಸರಿಯಾದ ಸುದ್ದಿ ಕೊಟ್ಟ ವರದಿಗಾರರು ಅದಾರ, ಅವರ ಹಳೇ ಸುದ್ದಿ ಎಷ್ಟು ಖರೆ ಆದ್ವು, ತಪ್ಪಾದಾಗ ತಪ್ಪಾತು ಅಂತ ಬರದ್ರೇನು, ಅದನ್ನ ನೋಡಿ ನಂಬ್ರಿ.

ನೀಲಿ ಟಿಕ್ ಇದ್ರ ನಂಬಬಹುದಲ್ಲ?

2022ರ ನವೆಂಬರ್‌ನಿಂದ ಟ್ವಿಟರ್‌ನಾಗ (ಈಗ ಅದರ ಹೆಸರು ಎಕ್ಸ್) ದುಡ್ಡು ಕೊಟ್ರ ಟಿಕ್ ಸಿಗ್ತೈತಿ. ಐಸ್ ಹಾಕಿ ಟ್ರೇಡ್ (ತಂಡಗಳು ಪ್ಲೇಯರ್‌ಗಳನ್ನ ಅದಲು ಬದಲು ಮಾಡೋದು) ಮುಗಿಯೋ ದಿನ ಹೆಸರಾಂತ ವರದಿಗಾರರ ಹೆಸರಿನಾಗ ಒಂದಕ್ಷರ ಬದಲಿಸಿ ನಕಲಿ ಖಾತೆ ಮಾಡ್ತಾರ. ಸ್ಕ್ರೀನ್‌ಶಾಟ್ ಬಂದ್ರ ನಂಬಬ್ಯಾಡ್ರಿ, ಮೂಲ ಖಾತೆಗೆ ಹೋಗಿ ನೋಡ್ರಿ.

ಒಂದು ಪೇಪರ್‌ನಾಗ ಮಂಗಳವಾರ ಅಂತೈತಿ, ಇನ್ನೊಂದರಾಗ ಬುಧವಾರ. ಯಾವುದು ಸುಳ್ಳು?

ಎರಡೂ ಖರೆ ಇರಬಹುದು. ಟೊರಾಂಟೊಕ್ಕೂ ನಮಗೂ ಬ್ಯಾಸಿಗಿಯಾಗ ಒಂಬತ್ತೂವರೆ ತಾಸು, ಚಳಿಗಾಲದಾಗ ಹತ್ತೂವರೆ ತಾಸು ಫರಕ್. ಅಲ್ಲಿ ಮಂಗಳವಾರ ಸಂಜೆ ಆದದ್ದು ಇಲ್ಲಿ ಬುಧವಾರ ಬೆಳಿಗ್ಗೆ.

ಕನ್ನಡ ಪೇಪರ್‌ನಾಗ ಇಂಥಾ ತಪ್ಪು ಯಾಕ ಜಾಸ್ತಿ?

ಜಾಸ್ತಿ ಅಂತ ನಾನು ಒಪ್ಪಂಗಿಲ್ಲ, ಆದ್ರ ಯಾಕ ಆಗ್ತಾವ ಅಂತ ಗೊತ್ತು. ರಾಯಚೂರು, ಕೊಪ್ಪಳದ ಪೇಪರ್‌ನವರು ರಾಂಚಿಗೆ ವರದಿಗಾರನ್ನ ಕಳ್ಸೋದು ಆಗಂಗಿಲ್ಲ. ಏಜೆನ್ಸಿ ಕಾಪಿ ಇಂಗ್ಲಿಷ್‌ನಾಗ ಬರ್ತೈತಿ, ರಾತ್ರಿ ಒಬ್ಬನೇ ಕುಂತು ಕ್ರಿಕೆಟ್ಟು, ಕಬಡ್ಡಿ, ಹಾಕಿ ಎಲ್ಲಾ ಕನ್ನಡಕ್ಕ ತರಬೇಕು, ಈಗೀಗ ಮಷಿನ್ ಅನುವಾದನೂ ಬಂದೈತಿ, ಅದು ‘ಸಾಲದ ಮೇಲೆ ತಂಡಕ್ಕೆ ಸೇರ್ಪಡೆ’ ಅಂತ ಕೊಡ್ತೈತಿ, ಓದಿದವರು ಪಾಪ ಹುಡುಗ ಸಾಲ ಮಾಡ್ಯಾನ ಅಂತ ತಿಳ್ಕೊಳ್ತಾರ. ಡೆಸ್ಕ್‌ನಾಗ ಇರೋ ಗೆಳೆಯರಿಗೆ ನನ್ನ ಕೋರಿಕೆ, ‘ನಿಯೋಜನೆ’ ಅಂತ ಬರೀರಿ, ಇಲ್ಲಾ ‘ಎರವಲು ಒಪ್ಪಂದ’ ಅಂತ ಬರೀರಿ, ಎಷ್ಟು ದಿನಕ್ಕ ಅಂತ ಒಂದು ಮಾತು ಸೇರಿಸ್ರಿ. ಜಾಗ ಸಾಲಲಿಲ್ಲ ಅಂದ್ರ ವಿಶೇಷಣ ಕಿತ್ತು ಹಾಕ್ರಿ, ಅವಧಿ ಕೀಳಬ್ಯಾಡ್ರಿ.

ನನ್ನ ಬಗ್ಗೆನೇ ತಪ್ಪು ಸುದ್ದಿ ಬಂತು, ಏನ್ ಮಾಡ್ಲಿ?

ಪೇಪರ್ ಪೂರ್ತಿ ಇಟ್ಕೊಳ್ರಿ, ತುಂಡು ಅಲ್ಲ, ತಾರೀಕು, ಪುಟ, ಯಾವ ಆವೃತ್ತಿ ಅಂತ ಕಾಣಬೇಕು. ಮೊಬೈಲ್‌ನಾಗ ಬಂದಿದ್ರ ಅವತ್ತೇ ಸ್ಕ್ರೀನ್‌ಶಾಟ್ ತಗೋರಿ, ಆಮ್ಯಾಲ ಅಳಿಸಿಬಿಡ್ತಾರ. ಮೊದ್ಲು ಸಂಪಾದಕರಿಗೆ ಕಾಗದ ಬರೀರಿ, ಯಾವ ಸಾಲು ತಪ್ಪು, ಖರೆ ಏನು ಅಂತ, ಜೊತಿಗೆ ಹಾಸ್ಟೆಲ್ ಲೆಟರ್ ಇಲ್ಲಾ ಎನ್‌ಒಸಿ ಝೆರಾಕ್ಸ್. ಬೈಗುಳ ಬ್ಯಾಡ, ಅರ್ಧ ಪುಟ ಸಾಕು.

ಅವರು ಕೇಳಲಿಲ್ಲ ಅಂದ್ರ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾ ಐತಿ, 1978ರ ಕಾಯ್ದೆ ಪ್ರಕಾರ ನಡೆಯೋದು. ದಿನಪತ್ರಿಕೆ ಆದ್ರ ಸುದ್ದಿ ಬಂದ ಎರಡು ತಿಂಗಳೊಳಗ ದೂರು ಕೊಡಬೇಕು, ಸಂಪಾದಕರಿಗೆ ಬರದ ಕಾಗದದ ಪ್ರತಿ ಅದರ ಜೊತಿ ಇರಬೇಕು. ಅವರು ದಂಡ ಹಾಕಂಗಿಲ್ಲ, ಎಚ್ಚರಿಕೆ ಕೊಡ್ತಾರ, ಛೀಮಾರಿ ಹಾಕ್ತಾರ, ಟಿವಿ ಚಾನೆಲ್ ಅವರ ಕೈಯಾಗ ಬರಂಗಿಲ್ಲ. ಕನ್ನಡ ಸುದ್ದಿಗೆ ಇಂಗ್ಲಿಷ್ ಅನುವಾದ ಜೋಡಿಸಬೇಕಾಗ್ತೈತಿ, ಅದು ನಿಮಗ ಕಷ್ಟ ಅಂದ್ರ ಪಿಟಿ ಮಾಸ್ತರನ್ನೋ ಇಂಗ್ಲಿಷ್ ಮಾಸ್ತರನ್ನೋ ಕೇಳ್ರಿ. ಸ್ಪೀಡ್ ಪೋಸ್ಟ್‌ನಾಗ ಕಳಿಸಿದ್ರ ಆ ರಸೀದಿ ಕಳ್ಕೋಬ್ಯಾಡ್ರಿ, ಕನಕಗಿರಿಯಿಂದ ಬಂದ ಆ ಅಪ್ಪನ ಕೈಯಾಗ ಒಂದು ಪೇಪರ್ ತುಂಡು ಬಿಟ್ರ ಬ್ಯಾರೆ ಏನೂ ಇರಲಿಲ್ಲ.